ಕ್ರಿಕಟ್‌ನಲ್ಲಿ ಹೆಸರು ಕೊರೆದರೆ ಅಕ್ಷರಕ್ಕೆ ಜೋಡಿ ಗೆರೆ ಬರುವುದೇಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಮನೆಯಿಂದಲೇ ಉಡುಗೊರೆ ಸಾಮಾನು ಮಾಡಿಕೊಡುತ್ತೇನೆ. ಎರಡು ವರ್ಷದಿಂದ ಕ್ರಿಕಟ್ ಮೇಕರ್ 3 ಎಂಬ, ಕಂಪ್ಯೂಟರಿನಲ್ಲಿ ಬರೆದ ಆಕಾರದಂತೆ ಹಾಳೆ ಕತ್ತರಿಸುವ ಯಂತ್ರ ಬಳಸುತ್ತಿದ್ದೇನೆ. ಸ್ಟಿಕ್ಕರ್, ಟೀ ಶರ್ಟಿನ ವಿನೈಲ್, ಕಾಗದದ ಕೆಲಸವೆಲ್ಲ ಚೆನ್ನಾಗಿ ಬರುತ್ತದೆ. ಈಗ ಲೋಹದ ಮೇಲೆ ಹೆಸರು ಹಾಕಿಕೊಡಿ ಎನ್ನುವವರು ಹೆಚ್ಚಾಗಿದ್ದರಿಂದ ಬ್ಲೇಡಿನ ಬದಲು ಹಾಕುವ ಎಂಗ್ರೇವಿಂಗ್ ಟಿಪ್ (ಕೊರೆಯುವ ಮೊನೆ) ತರಿಸಿ, 0.5 ಮಿ.ಮೀ. ಅಲ್ಯೂಮಿನಿಯಂ ತಗಡಿನ ಮೇಲೆ ‘ಶ್ರೀನಿವಾಸ ನಿಲಯ’ ಎಂದು ಹಾಕಿ ನೋಡಿದೆ. ಪ್ರತಿ ಅಕ್ಷರಕ್ಕೂ ಎರಡೆರಡು ಗೆರೆ ಬಂತು, ನಡುವೆ ಟೊಳ್ಳು. ಗೆರೆ ಎಷ್ಟು ಮಸುಕೆಂದರೆ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಕೊನೆಯ ಎರಡು ಅಕ್ಷರ ಪಕ್ಕಕ್ಕೆ ಸರಿದುಹೋಗಿವೆ. ಯಂತ್ರದಲ್ಲೇ ದೋಷವಿದೆಯೇ? ಮಾರಿದವರು ಸ್ಟೀಲ್ ಡಬ್ಬಿ, ಹಿತ್ತಾಳೆ ನಾಮಫಲಕ, ಗಾಜಿನ ಲೋಟ ಎಲ್ಲಕ್ಕೂ ಇದೊಂದೇ ಟಿಪ್ ಸಾಕು ಎಂದಿದ್ದರು. ಅದು ನಿಜವೇ? ನನ್ನ ಗೆಳತಿಯ ಹತ್ತಿರ ಕ್ರಿಕಟ್‌ನದೇ ಇನ್ನೊಂದು ಯಂತ್ರ ಎಕ್ಸ್‌ಪ್ಲೋರ್ ಏರ್ 2 ಇದೆ, ಅದಕ್ಕೂ ಈ ಟಿಪ್ ಹಾಕಬಹುದೇ?

ಉತ್ತರ: ನಿಮ್ಮ ಯಂತ್ರ ಸರಿಯಾಗಿದೆ, ಟಿಪ್ ಕೂಡ ಸರಿಯಾಗಿದೆ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಜೋಡಿ ಗೆರೆಗೆ ಕಾರಣ ಫಾಂಟ್. ಮಸುಕಿಗೆ ಕಾರಣ ಲೋಹದ ಮೇಲ್ಮೈ, ಸ್ವಲ್ಪ ಮಟ್ಟಿಗೆ ಒತ್ತಡ. ಸರಿದುಹೋಗಿದ್ದಕ್ಕೆ ಮ್ಯಾಟಿನ, ಅಂದರೆ ತಗಡನ್ನು ಅಂಟಿಸಿ ಯಂತ್ರದೊಳಗೆ ಬಿಡುವ ಹಾಳೆಯ, ಹಿಡಿತ ಸಾಲದ್ದು. ಮಾರಿದವರ ಮಾತು ಮಾತ್ರ ಅರ್ಧಕ್ಕಿಂತ ಹೆಚ್ಚು ತಪ್ಪು. ಸ್ಟೀಲ್ ಡಬ್ಬಿಯೂ ಗಾಜಿನ ಲೋಟವೂ ಈ ಯಂತ್ರದೊಳಗೆ ಹೋಗುವ ವಸ್ತುಗಳೇ ಅಲ್ಲ.

ಇದು ಕೊರೆಯುವುದಿಲ್ಲ, ಗೀರುತ್ತದೆ

ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಕೊಡುವ ಕೈಯಂತ್ರ ನೋಡಿರುತ್ತೀರಿ. ಗುಂಯ್ ಎನ್ನುತ್ತಾ ಅದರ ಮೊನೆ ಸೆಕೆಂಡಿಗೆ ಸುಮಾರು 100 ಬಾರಿ ಲೋಹವನ್ನು ಕುಟ್ಟುತ್ತದೆ. ಆ ಹೆಸರನ್ನು ಹತ್ತಿರದಿಂದ ನೋಡಿದರೆ ಅದು ಚುಕ್ಕಿಗಳ ಸಾಲು. ನಾಮಫಲಕ ಮಾಡುವವರ ರೋಟರಿ ಯಂತ್ರದಲ್ಲಿ ಮೊನೆ ತಿರುಗುತ್ತಾ ಲೋಹವನ್ನು ತೆಗೆದುಹಾಕುತ್ತದೆ, ಅಲ್ಲಿ ನಿಜವಾದ ಆಳ ಬರುತ್ತದೆ. ಲೇಸರ್ ಸುಟ್ಟು ಗುರುತು ಮಾಡುತ್ತದೆ. ಕ್ರಿಕಟ್‌ನ ಎಂಗ್ರೇವಿಂಗ್ ಟಿಪ್ ಈ ಮೂರರಲ್ಲಿ ಯಾವುದನ್ನೂ ಮಾಡುವುದಿಲ್ಲ. ಅದು ಕಾರ್ಬೈಡ್‌ನ ಒಂದು ಚೂಪು ಮೊನೆ. ಕುಟ್ಟುವುದಿಲ್ಲ, ತಿರುಗುವುದಿಲ್ಲ. ಒತ್ತಿ ಹಿಡಿದು ಎಳೆದುಕೊಂಡು ಹೋಗುತ್ತದೆ, ಅಷ್ಟೇ. ಹಾಗಾಗಿ ಆಳ ಎಂದರೆ ಉಗುರು ಆಡಿಸಿದರೆ ತಿಳಿಯುವಷ್ಟು ಮಾತ್ರ.

ಕಾರ್ಬೈಡ್ ಸ್ಟೀಲಿಗಿಂತ ಬಹಳ ಗಟ್ಟಿ. ಗಟ್ಟಿತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ ಅಲ್ಯೂಮಿನಿಯಂ 3ಕ್ಕೆ ತುಸು ಕೆಳಗೆ, ತಾಮ್ರ ಮತ್ತು ಹಿತ್ತಾಳೆ 3ರ ಆಸುಪಾಸು, ಗಾಜು ಸುಮಾರು 5.5, ಕಾರ್ಬೈಡ್ 9ರ ಹತ್ತಿರ. ಇದನ್ನು ನೋಡಿ ‘ಹಾಗಾದರೆ ಎಲ್ಲವನ್ನೂ ಗೀರಬಹುದಲ್ಲ’ ಅನ್ನಿಸುವುದು ಸಹಜ. ಆದರೆ ಮೊನೆ ಎಷ್ಟೇ ಗಟ್ಟಿಯಿದ್ದರೂ ಅದರ ಹಿಂದಿನ ಒತ್ತಡಕ್ಕೆ ಮಿತಿಯಿದೆ. ಮೇಕರ್ ಕೊಡಬಲ್ಲ ಒತ್ತಡ ಹೆಚ್ಚೆಂದರೆ 4 ಕೆ.ಜಿ. ಮೃದು ಅಲ್ಯೂಮಿನಿಯಂನಲ್ಲಿ ಗೀರು ಮೂಡಿಸಲು ಅದು ಸಾಕು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಮೊನೆ ಜಾರುತ್ತದೆ, ಬಂದರೂ ಕೂದಲೆಳೆಯಂಥ ಗೆರೆ.

ಈ ಮಿತಿಯನ್ನು ಒಪ್ಪಿಕೊಂಡು ಕೆಲಸ ಆರಿಸಿದರೆ ಇದು ತುಂಬ ಒಳ್ಳೆಯ ಸಾಧನ. ಹಿಂದೆ ತಾಳೆಗರಿಯ ಮೇಲೆ ಬರೆಯುತ್ತಿದ್ದದ್ದೂ ಹೀಗೆಯೇ: ಕಬ್ಬಿಣದ ಮೊನೆಯಿಂದ ಗೀರು, ಆಮೇಲೆ ಕಾಡಿಗೆ ಸವರಿ ಒರೆಸು. ಗೀರಿನೊಳಗೆ ಉಳಿದ ಕಪ್ಪೇ ಅಕ್ಷರ. ನೀವು ಅಲ್ಯೂಮಿನಿಯಂ ತಗಡಿನ ಮೇಲೆ ಮಾಡಬೇಕಾದದ್ದೂ ಇದನ್ನೇ. ಹೇಗೆಂದು ಮುಂದೆ ಬರುತ್ತದೆ.

ಜೋಡಿ ಗೆರೆ: ಕನ್ನಡ ಅಕ್ಷರದ ಕೆಲಸ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷ್ ಹೆಸರು ಹಾಕುವವರಿಗೆ ಸಿಗುವ ಸುಲಭದ ದಾರಿ ನಮಗಿಲ್ಲ.

ಕಂಪ್ಯೂಟರಿನ ಫಾಂಟ್‌ನಲ್ಲಿ ಅಕ್ಷರ ಎಂದರೆ ಒಂದು ಆಕಾರದ ಅಂಚು. ‘ನ’ ನಮ್ಮ ಕಣ್ಣಿಗೆ ಒಂದು ದಪ್ಪ ಗೆರೆ, ಕಂಪ್ಯೂಟರಿಗೆ ಆ ಗೆರೆಯ ಎಡ ಅಂಚು ಮತ್ತು ಬಲ ಅಂಚು. ವಿನೈಲ್ ಕತ್ತರಿಸುವಾಗ ಬೇಕಾದದ್ದು ಅದೇ ಅಂಚು, ಆದ್ದರಿಂದ ನಿಮಗೆ ಇದುವರೆಗೆ ತೊಂದರೆ ಕಂಡಿರಲಿಲ್ಲ. ಟಿಪ್ ಕೂಡ ಅದೇ ಅಂಚಿನ ಮೇಲೆ ನಡೆಯಿತು, ಅಕ್ಷರ ಟೊಳ್ಳಾಯಿತು. ಇದಕ್ಕೆ ಬೇಕಾದದ್ದು ಒಂದೇ ಗೆರೆಯ ಅಕ್ಷರ: ಸ್ಲೇಟಿನ ಮೇಲೆ ಬಳಪದಲ್ಲಿ ಬರೆದಂತೆ.

ಇಂಗ್ಲಿಷಿಗೆ ಒಂಟಿ ಗೆರೆಯ ಫಾಂಟ್‌ಗಳು ಬೇಕಾದಷ್ಟಿವೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಹರ್ಷಿ ಟೆಕ್ಸ್ಟ್ ಎಂಬ ಸೌಲಭ್ಯವೇ ಇದೆ, ಆದರೆ ಅದರಲ್ಲಿ ಕನ್ನಡ ಇಲ್ಲ. ಕನ್ನಡಕ್ಕೆ ಎರಡು ದಾರಿ.

ಮೊದಲನೆಯದು, ಕಂಪ್ಯೂಟರಿನಿಂದಲೇ ನಡುಗೆರೆ ತೆಗೆಸುವುದು. ಇಂಕ್‌ಸ್ಕೇಪ್‌ನ 1.0 ಮತ್ತು ನಂತರದ ಆವೃತ್ತಿಗಳಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಒಳಗೆ ‘ಸೆಂಟರ್‌ಲೈನ್’ ಎಂಬ ಆಯ್ಕೆಯಿದೆ. ಹೆಸರನ್ನು ತೆಳು ಫಾಂಟ್‌ನಲ್ಲಿ ದೊಡ್ಡದಾಗಿ ಟೈಪ್ ಮಾಡಿ, ಚಿತ್ರವಾಗಿ ಉಳಿಸಿ, ಮತ್ತೆ ತೆರೆದು ಈ ಆಯ್ಕೆ ಕೊಟ್ಟರೆ ಮಧ್ಯದ ಗೆರೆ ಸಿಗುತ್ತದೆ. ಬೇಗ ಆಗುತ್ತದೆ, ಆದರೆ ಗೆರೆಗಳು ಕೂಡುವ ಕಡೆಯಲ್ಲೆಲ್ಲ ಸಣ್ಣ ಕೊಕ್ಕೆ ಉಳಿಯುತ್ತದೆ. ‘ಶ್ರೀ’ಯ ರಕಾರದ ಒತ್ತು, ‘ಸ’ದ ಸೀಳು, ‘ಯ’ದ ಸುರುಳಿ ಇಂಥ ಜಾಗಗಳು. ಗೆರೆಯಲ್ಲಿ ನೂರಾರು ಬಿಂದುಗಳೂ ಸೇರಿಕೊಂಡಿರುತ್ತವೆ, ಅವುಗಳಿಂದ ಟಿಪ್ ನಡುಗುತ್ತಾ ಹೋಗುತ್ತದೆ. ‘ಸಿಂಪ್ಲಿಫೈ’ ಒಂದೆರಡು ಸಲ ಒತ್ತಿ ಬಿಂದು ಕಡಿಮೆ ಮಾಡಿ, ಕೊಕ್ಕೆಗಳನ್ನು ಕೈಯಿಂದ ಅಳಿಸಬೇಕು.

ಎರಡನೆಯದು, ಕೈಯಿಂದ ಎಳೆಯುವುದು. ನನ್ನ ಸಲಹೆ ಇದೇ. ನೋಟೋ ಸ್ಯಾನ್ಸ್ ಕನ್ನಡದ ತೆಳು ರೂಪದಲ್ಲಿ ಹೆಸರು ಟೈಪ್ ಮಾಡಿ, ಬಣ್ಣ ತಿಳಿ ಬೂದಿ ಮಾಡಿ, ಆ ಪದರಕ್ಕೆ ಬೀಗ ಹಾಕಿ. ಮೇಲೆ ಹೊಸ ಪದರದಲ್ಲಿ ಪೆನ್ ಉಪಕರಣದಿಂದ ನಡುಗೆರೆ ಎಳೆಯಿರಿ. ಒಂದು ಬಾಗಿಗೆ ಮೂರು ನಾಲ್ಕು ಬಿಂದುಗಳಿಗಿಂತ ಹೆಚ್ಚು ಬೇಡ. ಅಕ್ಷರವನ್ನು ಬರೆಯುವ ಕ್ರಮದಲ್ಲೇ ಎಳೆಯಿರಿ, ತಲೆಕಟ್ಟು ಬೇರೆ ಗೆರೆಯಾದರೂ ಅಡ್ಡಿಯಿಲ್ಲ. ಮೊದಲ ಹೆಸರಿಗೆ ಅರ್ಧ ಗಂಟೆ ಹಿಡಿಯಬಹುದು. ಆದರೆ ಎಳೆದ ಅಕ್ಷರಗಳನ್ನು ಬಿಡಿಬಿಡಿಯಾಗಿ ಉಳಿಸಿಕೊಳ್ಳಿ. ವರ್ಣಮಾಲೆಯ 49 ಅಕ್ಷರ, ಗುಣಿತದ ಚಿಹ್ನೆ, ಸಾಮಾನ್ಯ ಒತ್ತುಗಳು ಕೂಡಿದರೆ ನಿಮ್ಮದೇ ಅಕ್ಷರ ಭಂಡಾರ ಸಿದ್ಧ. ಆಮೇಲೆ ಯಾವ ಹೆಸರಾದರೂ ಐದು ನಿಮಿಷದ ಜೋಡಣೆ. ಕೈಯಿಂದ ಎಳೆದ ಗುಂಡು ಅಕ್ಷರ ಲೋಹದ ಮೇಲೆ ಫಾಂಟಿಗಿಂತ ಅಂದವಾಗಿ ಕಾಣುತ್ತದೆ.

ಕ್ರಿಕಟ್ ಯಂತ್ರವನ್ನು ನಡೆಸುವ ತಂತ್ರಾಂಶವಾದ ಡಿಸೈನ್ ಸ್ಪೇಸ್‌ನಲ್ಲೇ ನೇರವಾಗಿ ಕನ್ನಡ ಟೈಪ್ ಮಾಡಬೇಡಿ. ಒತ್ತಕ್ಷರ ಬಿಡಿಯಾಗಿ ಬೀಳುವ ಅಪಾಯವಿದೆ. ಇಂಕ್‌ಸ್ಕೇಪ್ ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಗಿರಾಕಿಗಳು ಹಳೆಯ ನುಡಿ ಫಾಂಟ್‌ನ ಕಡತ ಕಳಿಸಿದರೆ ಅದನ್ನು ಯುನಿಕೋಡಿಗೆ ಬದಲಾಯಿಸಿಕೊಂಡು, ಕಾಗುಣಿತವನ್ನು ಅವರಿಂದಲೇ ಓದಿಸಿ ಒಪ್ಪಿಗೆ ಪಡೆಯಿರಿ. ಕಾಗದದಲ್ಲಾದರೆ ತಪ್ಪನ್ನು ಹರಿದು ಹಾಕಬಹುದು, ಲೋಹದ ಗೀರು ಉಜ್ಜಿದರೂ ಹೋಗುವುದಿಲ್ಲ.

ಕಡತವನ್ನು ಎಸ್‌ವಿಜಿ (ಗೆರೆಗಳನ್ನು ಗೆರೆಗಳಾಗಿಯೇ ಉಳಿಸುವ ಚಿತ್ರದ ಬಗೆ) ಆಗಿ ಉಳಿಸಿ ಡಿಸೈನ್ ಸ್ಪೇಸ್‌ಗೆ ತಂದಾಗ ಮೂರು ವಿಷಯ ನೋಡಿ. ಅಳತೆ: ಇಂಕ್‌ಸ್ಕೇಪ್ ಒಂದು ಅಂಗುಲಕ್ಕೆ 96 ಬಿಂದು ಎಂದು ಲೆಕ್ಕ ಹಾಕುತ್ತದೆ, ಡಿಸೈನ್ ಸ್ಪೇಸ್ 72 ಎಂದು ಓದಿಕೊಂಡರೆ 100 ಮಿ.ಮೀ. ಚಿತ್ರ 133 ಮಿ.ಮೀ. ಆಗಿ ಬರುತ್ತದೆ. ಚಿತ್ರದ ಅಗಲವನ್ನು ಮೊದಲೇ ಬರೆದಿಟ್ಟುಕೊಂಡು ಅಲ್ಲಿ ಸರಿಮಾಡಿ. ಕೆಲಸದ ಬಗೆ: ಚಿತ್ರ ‘ಕಟ್’ ಎಂದೇ ಬರುತ್ತದೆ, ಆಪರೇಷನ್ ಪಟ್ಟಿಯಲ್ಲಿ ‘ಎಂಗ್ರೇವ್’ ಆರಿಸಬೇಕು. ಆ ಪದ ಕಾಣದಿದ್ದರೆ ಮೇಲೆ ಬೇರೆ ಯಂತ್ರ ಆಯ್ಕೆಯಾಗಿದೆ ಎಂದರ್ಥ, ಮೇಕರ್‌ಗೆ ಬದಲಾಯಿಸಿ. ಕೊನೆಯದು, ಎಲ್ಲವನ್ನೂ ಆಯ್ದು ‘ಅಟ್ಯಾಚ್’ ಒತ್ತಿ. ಮರೆತರೆ ತಂತ್ರಾಂಶವು ಕಾಗದ ಉಳಿಸಲು ಅಕ್ಷರಗಳನ್ನು ತನಗೆ ತೋಚಿದಂತೆ ಮೂಲೆಗೆ ಒಟ್ಟುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. ಒತ್ತಕ್ಷರವಿರುವ ಕನ್ನಡ ಹೆಸರನ್ನು 8 ಮಿ.ಮೀ.ಗಿಂತ ಕಡಿಮೆ ಎತ್ತರದಲ್ಲಿ ಹಾಕಿದರೆ ಕೆಳಗಿನ ಒತ್ತು ತುಂಬಿಹೋಗಿ ಚುಕ್ಕೆಯಂತೆ ಕಾಣುತ್ತದೆ. ಕೀ ಚೈನಿನಂಥ ಸಣ್ಣ ಜಾಗಕ್ಕೆ ಒತ್ತಿಲ್ಲದ ಕರೆಯುವ ಹೆಸರು ಅಥವಾ ಮೊದಲಕ್ಷರ ಹಾಕುವಂತೆ ಗಿರಾಕಿಗೆ ಮೊದಲೇ ಹೇಳಿ.

ದಪ್ಪ ಅಕ್ಷರವೇ ಬೇಕೆಂದು ಹಟ ಹಿಡಿದರೆ ಒಳಭಾಗವನ್ನು ಓರೆ ಗೆರೆಗಳಿಂದ ತುಂಬಬಹುದು. ಗೆರೆಗಳ ನಡುವೆ 0.4 ಮಿ.ಮೀ. ಅಂತರವಿರಲಿ. ಆದರೆ 10 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಜಾಗವನ್ನು ಪೂರ್ತಿ ತುಂಬಲು 75 ಗೆರೆ ಬೇಕು, ಅಂದರೆ ಟಿಪ್ ಏಳೂವರೆ ಮೀಟರ್ ನಡೆಯಬೇಕು. ಅಷ್ಟು ಹೊತ್ತು ತಗಡು ಕದಲದಿರಬೇಕು. ಹೊಸಬರಿಗೆ ಬೇಡ.

ಸರಿದುಹೋದ ಅಕ್ಷರ: ಹಿಡಿತ

ವಿನೈಲ್ ಕತ್ತರಿಸುವಾಗ ಬ್ಲೇಡ್ ವಸ್ತುವಿನೊಳಗೆ ಇಳಿದು ಸಾಗುತ್ತದೆ, ತಳ್ಳುವುದು ಕಡಿಮೆ. ಎಂಗ್ರೇವಿಂಗ್ ಟಿಪ್ ತಗಡಿನ ಮೇಲೆ ನಿಂತು ಅದನ್ನು ಪ್ರತಿ ತಿರುವಿನಲ್ಲೂ ಪಕ್ಕಕ್ಕೆ ತಳ್ಳುತ್ತದೆ. ಹಸಿರು ಮ್ಯಾಟಿನ ಅಂಟು ಇದಕ್ಕೆ ಸಾಲದು. ನೇರಳೆ ಬಣ್ಣದ ಸ್ಟ್ರಾಂಗ್‌ಗ್ರಿಪ್ ಮ್ಯಾಟ್ ಬೇಕು, ಅದೂ ಅಂಟು ಸವೆಯದಿರುವುದು.

ತಗಡಿನ ಎರಡೂ ಬದಿಯನ್ನು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ. ಬೆರಳಿನ ಜಿಡ್ಡು ಉಳಿದರೆ ಅಂಟು ಹಿಡಿಯುವುದಿಲ್ಲ. ಅದಕ್ಕೂ ಮೊದಲು ಅಂಚನ್ನು ಉಗುರಿನಿಂದ ಕೆರೆದು ನೋಡಿ: ಎಷ್ಟೋ ತಗಡುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಅದನ್ನು ಸುಲಿಯದಿದ್ದರೆ ಟಿಪ್ ಪೊರೆಯನ್ನೇ ಗೀರಿರುತ್ತದೆ, ಲೋಹಕ್ಕೆ ಅರ್ಧ ಮಾತ್ರ ತಾಗಿರುತ್ತದೆ. ನಿಮ್ಮ ಮಸುಕಿಗೆ ಇದೂ ಒಂದು ಕಾರಣ ಆಗಿರಬಹುದು.

ತಗಡನ್ನು ಮ್ಯಾಟಿನ ನಡುಭಾಗದಲ್ಲಿ, ಚೌಕಗಳ ಗೆರೆಗೆ ಸರಿಯಾಗಿ ಇಟ್ಟು ರೋಲರ್‌ನಿಂದ ಒತ್ತಿ. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ, ಅರ್ಧ ತಗಡಿನ ಮೇಲೆ, ಅರ್ಧ ಮ್ಯಾಟಿನ ಮೇಲೆ. ಗೆರೆ ಬರುವ ಜಾಗಕ್ಕೆ ಟೇಪ್ ಬರಬಾರದು. ಡಾಲರ್, ಕೀ ಚೈನ್‌ನಂಥ ಸಣ್ಣ ತುಂಡಿಗೆ ಅಂಚಿನಲ್ಲಿ ಟೇಪಿಗೆ ಜಾಗವಿರುವುದಿಲ್ಲ, ಅಡಿಗೆ ತೆಳುವಾದ ಎರಡು ಬದಿ ಅಂಟಿನ ಟೇಪ್ ಹಾಕಿ. ದಪ್ಪ ಫೋಮ್ ಟೇಪ್ ಬೇಡ, ಅದು ಮೊನೆಯ ಕೆಳಗೆ ಕುಗ್ಗುತ್ತದೆ.

ತಗಡು ಬಾಗಿದ್ದರೆ ಇದಾವುದೂ ಉಪಯೋಗಕ್ಕೆ ಬರುವುದಿಲ್ಲ. ಉಬ್ಬಿದ ಕಡೆ ಗಾಢ ಗೆರೆ, ತಗ್ಗಿದ ಕಡೆ ಮಸುಕು. ಒಂದೇ ಹೆಸರಿನ ಎಡಭಾಗ ಚೆನ್ನಾಗಿ ಬಂದು ಬಲಭಾಗ ಮಾಯವಾದರೆ ಒತ್ತಡ ಹೆಚ್ಚಿಸುವ ಮೊದಲು ತಗಡನ್ನು ಗಾಜಿನ ಮೇಲಿಟ್ಟು ಸಮ ಇದೆಯೇ ನೋಡಿ. ಕೊಳ್ಳುವಾಗ ದಪ್ಪವನ್ನು ಮಿಲಿಮೀಟರಿನಲ್ಲೇ ಕೇಳಿ, ಗೇಜ್ ಲೆಕ್ಕ ಒಂದೊಂದು ಪಟ್ಟಿಯಲ್ಲಿ ಒಂದೊಂದು ಥರ ಇರುತ್ತದೆ. ಮೇಕರ್‌ನ ಒಳಗೆ 2.4 ಮಿ.ಮೀ.ಗಿಂತ ದಪ್ಪದ ವಸ್ತು ಹೋಗುವುದಿಲ್ಲ, ಟೇಪಿನ ದಪ್ಪವೂ ಅದರಲ್ಲೇ ಸೇರಬೇಕು.

ಇನ್ನೊಂದು, ರೋಲರ್ ಸರಳಿನ ಮೇಲಿರುವ ಬಿಳಿ ನಕ್ಷತ್ರದಂಥ ಚಕ್ರಗಳನ್ನು ಪೂರ್ತಿ ಬಲಕ್ಕೆ ಸರಿಸಿ. ಕಾಗದಕ್ಕೆ ಅವು ಬೇಕು. ಲೋಹಕ್ಕೆ, ತೊಗಲಿಗೆ ಅವು ಸಾಲಾಗಿ ಹಲ್ಲಿನ ಗುರುತು ಬಿಡುತ್ತವೆ. ಕೆಲಸ ಮುಗಿದ ಮೇಲೆ ವಾಪಸ್ ತರಲು ಮರೆಯಬೇಡಿ.

ಮಸುಕು: ಒತ್ತಡ, ಮತ್ತೆ ಅದಕ್ಕಿಂತ ಮುಖ್ಯವಾಗಿ ಬಣ್ಣ

ಟಿಪ್ ಜೋಡಿಸುವುದು ನಿಮಗೆ ಗೊತ್ತಿದೆ, ಆದರೂ ಒಮ್ಮೆ ಪರೀಕ್ಷಿಸಿ. ಟಿಪ್ ಕೂರುವ ಹಿಡಿಯಾದ ಕ್ವಿಕ್‌ಸ್ವ್ಯಾಪ್ ಹೌಸಿಂಗ್‌ನ ಮೇಲಿನ ಗುಂಡಿ ಒತ್ತಿ ಹಿಡಿದು 41 ಎಂದು ಅಚ್ಚಾಗಿರುವ ಟಿಪ್ ಸೇರಿಸಿ ಬಿಟ್ಟರೆ ಅದು ಅಲುಗದಂತೆ ಕೂರಬೇಕು. ಆ ಹೌಸಿಂಗನ್ನು ಹಿಡಿಯುವ ಕ್ಲ್ಯಾಂಪ್ ಬಿ ಪೂರ್ತಿ ಮುಚ್ಚಿರಬೇಕು. ಸಡಿಲವಿದ್ದರೆ ಗೆರೆ ನಡುಗುತ್ತದೆ, ಇಲ್ಲವೇ ಉಪಕರಣ ಗುರುತಿಸಲಾಗುತ್ತಿಲ್ಲ ಎಂಬ ಸೂಚನೆ ಬರುತ್ತದೆ.

ವಸ್ತುಗಳ ಪಟ್ಟಿಯಲ್ಲಿ ನಿಮ್ಮ ತಗಡಿಗೆ ಹತ್ತಿರದ ಹೆಸರು ಆರಿಸಿ, ಮೊದಲ ಸಲ ಒತ್ತಡವನ್ನು ಇದ್ದ ಹಾಗೇ ಬಿಡಿ. ಮಸುಕಾದರೆ ‘ಮೋರ್’ಗೆ ಬದಲಾಯಿಸಿ. ಅದೂ ಸಾಲದಿದ್ದರೆ ಅದೇ ಗೆರೆಯ ಮೇಲೆ ಎರಡನೇ ಸಲ ಓಡಿಸುವುದು ಒಳ್ಳೆಯದು. ಡಿಸೈನ್ ಸ್ಪೇಸ್‌ನಲ್ಲಿ ಪದರವನ್ನು ನಕಲಿಸಿ, ಎರಡನ್ನೂ ‘ಅಲೈನ್’ನಿಂದ ಒಂದರ ಮೇಲೊಂದು ಕೂರಿಸಿ, ಅಟ್ಯಾಚ್ ಮಾಡಿ. ಎರಡನೇ ಓಟದಿಂದ ಗೆರೆ ಗಣನೀಯವಾಗಿ ಸ್ಪಷ್ಟವಾಗುತ್ತದೆ. ಮೂರನೆಯದರಿಂದ ಸಿಗುವ ಲಾಭ ಕಡಿಮೆ, ತಗಡು ಕೂದಲೆಳೆಯಷ್ಟು ಕದಲಿದ್ದರೂ ಗೆರೆ ಮತ್ತೆ ಜೋಡಿಯಾಗುವ ಭಯ ಹೆಚ್ಚು. ಕೆಲಸದ ನಡುವೆ ಮ್ಯಾಟನ್ನು ಹೊರತೆಗೆಯಬೇಡಿ. ಮತ್ತೆ ಒಳಗೆ ಹೋಗುವಾಗ ಅದು ಅದೇ ಜಾಗಕ್ಕೆ ಬರುವುದಿಲ್ಲ.

ಇಷ್ಟಾದರೂ ಬರಿಯ ಅಲ್ಯೂಮಿನಿಯಂ ಮೇಲೆ ಬೆಳ್ಳಿ ಬಣ್ಣದ ಗೆರೆ ಬೆಳ್ಳಿ ಬಣ್ಣದ ಲೋಹದಲ್ಲೇ ಇರುತ್ತದೆ. ಕಾಣದಿರುವುದು ಆಳದ ಕೊರತೆಯಿಂದಲ್ಲ, ಬಣ್ಣದ ವ್ಯತ್ಯಾಸ ಇಲ್ಲದ್ದರಿಂದ. ಇಲ್ಲಿ ಕಾಡಿಗೆಯ ಉಪಾಯ ಬೇಕು. ಗೀರಿನ ಮೇಲೆ ಕಪ್ಪು ಅಕ್ರಿಲಿಕ್ ಬಣ್ಣವನ್ನು ಬೆರಳಿನಿಂದ ತಿಕ್ಕಿ, ಒಂದೆರಡು ನಿಮಿಷ ಬಿಟ್ಟು, ಗಟ್ಟಿ ರಟ್ಟಿಗೆ ಬಿಗಿಯಾಗಿ ಸುತ್ತಿದ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಗೆರೆಗೆ ಅಡ್ಡಲಾಗಿ ಒರೆಸಿ. ಮೆತ್ತಗಿನ ಬಟ್ಟೆಯನ್ನು ಕೈಯಲ್ಲಿ ಮುದ್ದೆ ಮಾಡಿ ಒರೆಸಿದರೆ ಅದು ಗೀರಿನೊಳಗೆ ಇಳಿದು ಬಣ್ಣವನ್ನೆಲ್ಲ ಎತ್ತಿಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಲ್ಯಾಕರ್ ಒಂದು ಪದರ.

ಶುರುವಿಗೆ ಇದಕ್ಕಿಂತ ಸುಲಭದ ವಸ್ತು ಬಣ್ಣದ ಅನೋಡೈಸ್ಡ್ ಅಲ್ಯೂಮಿನಿಯಂ. ಅದರ ಬಣ್ಣ ಇರುವುದು ಮೇಲಿನ ಬಹಳ ತೆಳುವಾದ ಪದರದಲ್ಲಿ ಮಾತ್ರ. ಗೀರು ಆ ಪದರ ದಾಟಿದರೆ ಸಾಕು, ಒಳಗಿನ ಬಿಳಿ ಲೋಹ ಹೊಳೆಯುತ್ತದೆ. ಕಪ್ಪು, ಕೆಂಪು, ನೀಲಿ ಬಣ್ಣದ ಟ್ಯಾಗ್‌ಗಳು ಸಿಗುತ್ತವೆ. ನಾಯಿಯ ಕೊರಳ ಬಿಲ್ಲೆ, ಬ್ಯಾಗಿನ ಟ್ಯಾಗ್, ಕೀ ಚೈನ್ ಮಾಡಲು ಇದೇ ಸರಿ. ನಿಮ್ಮ ಮೊದಲ ಮಾರಾಟದ ವಸ್ತು ಇದೇ ಆಗಲಿ ಎಂದು ಹೇಳುತ್ತೇನೆ.

ಅಕ್ರಿಲಿಕ್ ಕೂಡ ಒಳ್ಳೆಯದು. 2 ಮಿ.ಮೀ. ಹಾಳೆಯ ಮೇಲ್ಬದಿಯ ಪೊರೆ ಸುಲಿದು ಗೀರಿ. ಗೆರೆ ಬಿಳಿಯಾಗಿ ಬರುತ್ತದೆ, ಅಂಚಿನಿಂದ ಎಲ್‌ಇಡಿ ಬೆಳಕು ಬಿಟ್ಟರೆ ಗೆರೆ ಮಾತ್ರ ಬೆಳಗುತ್ತದೆ. ಹಿಂಬದಿಯಿಂದ ಗೀರುವುದಾದರೆ ‘ಮಿರರ್’ ಒತ್ತಲು ಮರೆಯಬೇಡಿ. ಅಕ್ರಿಲಿಕ್ಕನ್ನು ಸ್ಪಿರಿಟ್‌ನಿಂದ ಒರೆಸಿದರೆ ಸಣ್ಣ ಸಣ್ಣ ಬಿರುಕು ಬಿಡಬಹುದು, ಸೋಪು ನೀರೇ ಸಾಕು. ತೊಗಲಿಗೆ ಗೀರುವ ಟಿಪ್‌ಗಿಂತ ಒತ್ತಿ ತಗ್ಗು ಮಾಡುವ 21ನೇ ನಂಬರಿನ ಡಿಬಾಸಿಂಗ್ ಟಿಪ್ ಅಂದವಾಗಿ ಬರುತ್ತದೆ.

ಪ್ರತಿ ಹೊಸ ವಸ್ತುವಿನಿಂದ ಒಂದು ಚೂರು ತೆಗೆದಿಟ್ಟು ಅದರ ಮೇಲೆ ಒಂದು ವೃತ್ತ, ಒಂದು ಚೌಕ, ಒಂದು ‘ಕ್ಷ’ ಹಾಕಿ ನೋಡಿ. ವೃತ್ತ ಕೂಡದಿದ್ದರೆ ತಗಡು ಕದಲಿದೆ. ಚೌಕದ ಒಂದು ಬದಿ ಮಾತ್ರ ಮಸುಕಾದರೆ ತಗಡು ಸಮವಿಲ್ಲ. ‘ಕ್ಷ’ದ ಒತ್ತು ಮುಚ್ಚಿಕೊಂಡರೆ ಅಕ್ಷರ ಸಣ್ಣದಾಯಿತು. ಚೂರಿನ ಹಿಂದೆ ಒತ್ತಡ, ಎಷ್ಟು ಓಟ ಎಂದು ಬರೆದಿಡಿ.

ಗೀರಿದಾಗ ಏಳುವ ಲೋಹದ ಪುಡಿಯನ್ನು ಬಾಯಿಂದ ಊದಬೇಡಿ. ಕಣ್ಣಿಗೂ ಯಂತ್ರದ ಹಳಿಗೂ ಅದು ಕೆಟ್ಟದ್ದು. ಟೇಪಿನ ಅಂಟು ಬದಿಯಿಂದ ಒತ್ತಿ ಒತ್ತಿ ಎತ್ತಿ. ತಗಡು ಬಿಡಿಸುವಾಗ ಮ್ಯಾಟನ್ನು ಬೋರಲು ಹಾಕಿ ಮ್ಯಾಟನ್ನೇ ಬಾಗಿಸಿ ಸುಲಿಯಿರಿ, ತಗಡನ್ನು ಎಳೆದರೆ ಅದು ಬಾಗುತ್ತದೆ. 0.5 ಮಿ.ಮೀ. ತಗಡಿನ ಅಂಚು ಬ್ಲೇಡಿನಷ್ಟೇ ಚೂಪು, ಗ್ಲೌಸ್ ಹಾಕಿಕೊಳ್ಳಿ. ಮಾರುವ ಮೊದಲು ಅಂಚನ್ನು ಸಣ್ಣ ಅರದಿಂದ ತಿಕ್ಕಿ.

ಸ್ಟೀಲ್, ಹಿತ್ತಾಳೆ, ಗಾಜು

ಸ್ಟೀಲ್ ಡಬ್ಬಿ ಈ ಯಂತ್ರದ ಕೆಲಸವಲ್ಲ. ಡಬ್ಬಿ ಒಳಗೆ ಹೋಗುವುದಿಲ್ಲ, ಮುಚ್ಚಳದ ಅಂಚಿನ ಮಡಿಕೆಯೂ 2.4 ಮಿ.ಮೀ. ದಾಟುತ್ತದೆ. ಅಂಥ ಆರ್ಡರ್ ಬಂದರೆ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿ, ಅಥವಾ ಅವರು ಬಳಸುವಂಥ ಕುಟ್ಟುವ ಕೈಯಂತ್ರ ಕೊಂಡು ಅಭ್ಯಾಸ ಮಾಡಿ. 9 ವೋಲ್ಟ್ ಬ್ಯಾಟರಿ, ಉಪ್ಪು ನೀರಿನಿಂದ ಸ್ಟೀಲ್ ಮೇಲೆ ಗುರುತು ಮಾಡುವ ವಿಡಿಯೊ ನೋಡಿ ಮನೆಯಲ್ಲಿ ಮಾಡಬೇಡಿ. ಆ ಕ್ರಿಯೆಯಲ್ಲಿ ಕ್ಲೋರಿನ್ ಅನಿಲ ಹುಟ್ಟುತ್ತದೆ, ಸ್ಟೇನ್‌ಲೆಸ್ ಸ್ಟೀಲಿನಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ಹೊರಬರಬಹುದು. ಊಟದ ಡಬ್ಬಿಗೆ ಅದು ಯಾವ ರೀತಿಯಲ್ಲೂ ತಕ್ಕದ್ದಲ್ಲ.

ಹಿತ್ತಾಳೆ ತಗಡು 1 ಮಿ.ಮೀ. ಒಳಗಿದ್ದರೆ ಯಂತ್ರದಲ್ಲಿ ಚೆನ್ನಾಗಿ ಗೀರಬಹುದು. ಷೋಕೇಸಿನಲ್ಲಿಡುವ ನೆನಪಿನ ಕಾಣಿಕೆಗೆ ಸರಿ. ಬಾಗಿಲ ಹೊರಗೆ ಹಾಕುವ ನಾಮಫಲಕಕ್ಕೆ ಬೇಡ ಎನ್ನುತ್ತೇನೆ. ಹಬ್ಬ ಬಂದಾಗಲೆಲ್ಲ ಹುಣಸೆಹಣ್ಣು, ಪುಡಿ ಹಾಕಿ ತಿಕ್ಕುತ್ತಾರೆ, ಗೀರಿನ ಬಣ್ಣ ಮೊದಲ ಸಲವೇ ಹೋಗುತ್ತದೆ, ಗೀರು ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಆಳ ಬೇಕಾದರೆ ರೋಟರಿ ಯಂತ್ರ ಇರುವವರಿಗೆ ಕೊಡಿ. ಅಥವಾ ನಿಮ್ಮ ಯಂತ್ರದಿಂದ ವಿನೈಲ್ ಅಚ್ಚು ಕತ್ತರಿಸಿ ಹಿತ್ತಾಳೆಗೆ ಅಂಟಿಸಿ, ತೆರೆದ ಜಾಗವನ್ನು ಫೆರಿಕ್ ಕ್ಲೋರೈಡ್‌ನಿಂದ ತಿನ್ನಿಸಬಹುದು. ಇದು ಸರ್ಕ್ಯೂಟ್ ಬೋರ್ಡ್ ಮಾಡುವವರು ಬಳಸುವ ದ್ರಾವಣ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲಿ ಅಕ್ಷರ ಟೊಳ್ಳಾಗುವ ಪ್ರಶ್ನೆಯೇ ಇಲ್ಲ, ಮಾಮೂಲಿ ಫಾಂಟ್ ನಡೆಯುತ್ತದೆ. ತಗಡಿನ ಹಿಂಬದಿ, ಅಂಚುಗಳನ್ನು ಟೇಪಿನಿಂದ ಮುಚ್ಚಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಮುಖ ಕೆಳಗಾಗಿ ತೇಲುವಂತೆ ಇಡಿ. ಕರಗಿದ ಮಡ್ಡಿ ಕೆಳಗೆ ಬಿದ್ದು ಗೆರೆ ಸಮವಾಗಿ ಇಳಿಯುತ್ತದೆ. ಹತ್ತು ಹತ್ತು ನಿಮಿಷಕ್ಕೆ ತೆಗೆದು ನೋಡಿ, ಸಾಕೆನಿಸಿದಾಗ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯಿರಿ.

ಅಪಾಯಗಳನ್ನೂ ಹೇಳಬೇಕು. ಫೆರಿಕ್ ಕ್ಲೋರೈಡ್ ಪುಡಿಯಾಗಿ ಸಿಕ್ಕರೆ ಅದನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ, ಬಿಸಿಯಾಗಿ ಸಿಡಿಯುತ್ತದೆ. ಗ್ಲೌಸ್, ಕನ್ನಡಕ, ತೆರೆದ ಕಿಟಕಿ ಬೇಕೇ ಬೇಕು. ನೆಲಕ್ಕೆ ಬಿದ್ದರೆ ಕಲೆ ಹೋಗುವುದಿಲ್ಲ. ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ, ಬಚ್ಚಲಿಗೆ ಸುರಿಯಬಾರದು. ಅಲ್ಯೂಮಿನಿಯಂ ತಗಡನ್ನು ಮಾತ್ರ ಇದರಲ್ಲಿ ಎಂದೂ ಹಾಕಬೇಡಿ: ಕ್ರಿಯೆ ಉಗ್ರವಾಗಿ, ಉರಿಬಿಸಿಯಾಗಿ, ಹೈಡ್ರೋಜನ್ ಬಿಡುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ದಾರಿಯನ್ನೇ ಬಿಡಿ.

ಗಾಜಿನ ಲೋಟ ದುಂಡಗಿದೆ, ಯಂತ್ರಕ್ಕೆ ಹೋಗುವುದಿಲ್ಲ. ತೆಳು ಚಪ್ಪಟೆ ಗಾಜನ್ನು ತೂರಿಸುವ ಪ್ರಯೋಗವೂ ಬೇಡ, ಗೀರಿದ ಜಾಗದಲ್ಲೇ ಗಾಜು ಸೀಳುತ್ತದೆ, ಗಾಜು ಕತ್ತರಿಸುವವರು ಮಾಡುವುದೂ ಅದನ್ನೇ. ಗಾಜಿಗೆ ಇರುವ ದಾರಿ ವಿನೈಲ್ ಅಚ್ಚು, ಅದರ ಮೇಲೆ ಎಚಿಂಗ್ ಕ್ರೀಮ್. ಮಂಜು ಹಿಡಿದಂಥ ಬಿಳಿ ಅಕ್ಷರ ಬರುತ್ತದೆ. ಆ ಕ್ರೀಮಿನಲ್ಲಿ ಫ್ಲೋರೈಡ್ ಲವಣಗಳಿರುತ್ತವೆ. ಚರ್ಮಕ್ಕೆ ತಾಗಿದರೆ ಮೊದಲು ಉರಿಯದೆ, ತಾಸುಗಳ ನಂತರ ಸುಟ್ಟ ಗಾಯ ಕಾಣಿಸಿಕೊಳ್ಳಬಹುದು. ನೈಟ್ರೈಲ್ ಗ್ಲೌಸ್ ಹಾಕಿ. ತಾಗಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು, ನೋವಿಲ್ಲದಿದ್ದರೂ ಡಬ್ಬಿಯ ಸಮೇತ ವೈದ್ಯರ ಹತ್ತಿರ ಹೋಗಿ. ತುಟಿ ತಾಗುವ ಅಂಚಿಗೂ ಲೋಟದ ಒಳಬದಿಗೂ ಕ್ರೀಮ್ ಹಚ್ಚಬೇಡಿ.

ಗೆಳತಿಯ ಎಕ್ಸ್‌ಪ್ಲೋರ್ ಏರ್ 2

ನಿಮ್ಮ ಟಿಪ್ ಅದಕ್ಕೆ ಬರುವುದಿಲ್ಲ. 41ನೇ ಟಿಪ್ ಮೇಕರ್ ಸರಣಿಗೆ ಮಾತ್ರ. ತಂತ್ರಾಂಶದ ಅಪ್‌ಡೇಟ್ ಬಂದರೆ ಎಕ್ಸ್‌ಪ್ಲೋರ್‌ನಲ್ಲೂ ಆಗುತ್ತದೆ ಎಂಬ ಮಾತು ಸುಳ್ಳು: ಮೇಕರ್‌ನಲ್ಲಿ ಹೌಸಿಂಗ್‌ನ ಹಲ್ಲುಚಕ್ರಕ್ಕೆ ಜೊತೆಯಾಗುವ ಚಕ್ರ ಇದೆ, ಎಕ್ಸ್‌ಪ್ಲೋರ್‌ನಲ್ಲಿ ಆ ಭಾಗವೇ ಇಲ್ಲ. ಒತ್ತಡವೂ ಮೇಕರ್‌ನ ಹತ್ತನೇ ಒಂದು, ಅಂದರೆ ಸುಮಾರು 400 ಗ್ರಾಂ.

ಬೇರೆ ತಯಾರಕರ ವಜ್ರದ ಮೊನೆಯ ಟಿಪ್‌ಗಳು ಎಕ್ಸ್‌ಪ್ಲೋರ್‌ಗೆ ಸಿಗುತ್ತವೆ. ವಜ್ರ ಮೋಸ್ ಅಳತೆಯಲ್ಲಿ 10, ಕಡಿಮೆ ಒತ್ತಡದಲ್ಲೂ ಅನೋಡೈಸ್ಡ್ ಪದರವನ್ನೂ ಅಕ್ರಿಲಿಕ್ಕನ್ನೂ ಗೀರುತ್ತದೆ. ಬ್ಲೇಡಿನ ಜಾಗಕ್ಕೆ ಹಾಕಿದರೆ ‘ಎಂಗ್ರೇವ್’ ಆಯ್ಕೆ ಇಲ್ಲದ್ದರಿಂದ ‘ಕಟ್’ ಎಂದೇ ಓಡಿಸಬೇಕು. ಆಗ ಬ್ಲೇಡ್ ತಿರುಗಲೆಂದು ಯಂತ್ರ ಮಾಡುವ ಹೊಂದಾಣಿಕೆ ಚೂಪು ಮೂಲೆಗಳಲ್ಲಿ ಸಣ್ಣ ಬಾಲದಂತೆ ಕಾಣಬಹುದು. ಪೆನ್ನಿನ ಜಾಗಕ್ಕೆ ಹಾಕಿ ‘ಡ್ರಾ’ ಎಂದು ಓಡಿಸಿದರೆ ಆ ಬಾಲ ಇರದು, ಒತ್ತಡ ಇನ್ನೂ ಕಡಿಮೆ. ಕನ್ನಡದ ಗುಂಡು ಅಕ್ಷರಕ್ಕೆ ಮೂಲೆಗಳೇ ಕಡಿಮೆ ಇರುವುದರಿಂದ ಮೊದಲ ಕ್ರಮವನ್ನೇ ಚೂರಿನ ಮೇಲೆ ಪರೀಕ್ಷಿಸಲಿ. ಕೊಳ್ಳುವ ಮೊದಲು ಬೇರೆ ತಯಾರಕರ ಟಿಪ್ ಹಾಕಿದರೆ ಯಂತ್ರದ ವಾರಂಟಿಗೆ ತೊಂದರೆಯೇ ಎಂದು ಕೇಳಿಕೊಳ್ಳಲು ಹೇಳಿ.